ದೋಣಿ ಬಿಡುವ ಮೊದಲು ಏರಿ ನೋಡಿರಿ

ಇತ್ತಿತ್ತಲಾಗಿ ನಮ್ಮ ಗಡಿನಾಡಿನ ಸಣ್ಣಪುಟ್ಟ ಕೆರೆಗಳಿಗೆ ಹೊಸ ಯೋಗ ಬರುತ್ತಿದೆ. ಹೂಳು ತುಂಬಿ, ಜಾಲಿ ಬೆಳೆದು, ಯಾರಿಗೂ ಬೇಡವಾಗಿ ಬಿದ್ದಿದ್ದ ಕೆರೆಯ ಸುತ್ತ ಒಂದು ದಿನ ಬೇಲಿ ಬೀಳುತ್ತದೆ. ಏರಿಯ ಮೇಲೆ ನಡೆದಾಡಲು ಕಲ್ಲುಹಾಸು, ಕೂಡಲು ಬೆಂಚು, ಇರುಳಿಗೆ ದೀಪದ ಕಂಬ, ಮಕ್ಕಳಿಗೆ ಜೋಕಾಲಿ, ನೀರಿನ ಮೇಲೆ ಕಾಲಿನಿಂದ ತುಳಿದು ನಡೆಸುವ ದೋಣಿ, ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ರವಿವಾರ ಪೇಟೆಯ ಜನ ಮಕ್ಕಳು ಮರಿ ಕಟ್ಟಿಕೊಂಡು ಬಂದು, ಕಡಲೆಕಾಯಿ ತಿಂದು, ದೋಣಿ ಹತ್ತಿ ಇಳಿದು ಸಂತೋಷಪಟ್ಟು ಹೋಗುತ್ತಾರೆ. ಊರಿಗೂ ನಾಲ್ಕು ಕಾಸು ಬರುತ್ತದೆ.

ಇದನ್ನು ಆಕ್ಷೇಪಿಸುವುದಕ್ಕೆ ನಾವು ಲೇಖನಿ ಹಿಡಿದಿಲ್ಲ. ಬೇಸಾಯಗಾರನ ಮಕ್ಕಳಿಗೂ ಜೋಕಾಲಿ ಬೇಕು. ದೋಣಿವಿಹಾರದ ಕೆರೆ ನಮ್ಮ ಸೀಮೆಗೆ ಹೊಸತೂ ಅಲ್ಲ. ನೀಲಗಿರಿಯ ಉದಕಮಂಡಲದ ಸರೋವರ ದೇವರು ಮಾಡಿದ್ದಲ್ಲ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ ಬೆಟ್ಟದ ಹಳ್ಳಗಳಿಗೆ ಕಟ್ಟೆ ಹಾಕಿಸಿ ಮಾಡಿಸಿದ್ದು. ನಮ್ಮ ಪ್ರಶ್ನೆ ಬೇರೆ. ಬೆಂಚು, ದೀಪ, ದೋಣಿ ಇವೆಲ್ಲವುಗಳ ಲೆಕ್ಕ ಪಂಚಾಯತಿಯ ಕಡತದಲ್ಲಿ ಸಿಕ್ಕೀತು. ಇವೆಲ್ಲವನ್ನೂ ಹೊತ್ತು ನಿಂತಿರುವ ಏರಿಯ ಲೆಕ್ಕ ಯಾರ ಹತ್ತಿರ ಇದೆ? ತೂಬು ಕೊನೆಯ ಸಲ ಎತ್ತಿದ್ದು ಯಾವಾಗ? ಕೋಡಿಯ ಬಾಯಿ ತೆರೆದಿದೆಯೋ ಮುಚ್ಚಿದೆಯೋ? ಈ ಮೂರಕ್ಕೆ ಉತ್ತರ ಹೇಳಬಲ್ಲ ಮನುಷ್ಯ ಅನೇಕ ಊರುಗಳಲ್ಲಿ ಇಲ್ಲ. ಅದೇ ನಮ್ಮ ಅಂಜಿಕೆ.

ಸಣ್ಣ ಕೆರೆ ತಾನೇ, ಒಡೆದರೆ ಏನು ಮಹಾ ಆದೀತು ಎಂದು ಹೇಳುವವರಿದ್ದಾರೆ. ಅವರು ಸ್ವಲ್ಪ ಲೆಕ್ಕ ಹಾಕಬೇಕು. ಇಪ್ಪತ್ತು ಎಕರೆ ವಿಸ್ತಾರದ ಕೆರೆಯಲ್ಲಿ ಸರಾಸರಿ ಆರು ಅಡಿ ನೀರಿದ್ದರೆ, ಆ ನೀರಿನ ತೂಕ ಸುಮಾರು 1 ಲಕ್ಷ 48 ಸಾವಿರ ಟನ್ನು. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ 14,800 ಲಾರಿ. ಈ ಹೊರೆಯನ್ನು ಮಣ್ಣಿನ ಗೋಡೆಯೊಂದು ಹಗಲು ಇರುಳು ತಡೆದು ನಿಂತಿದೆ. ಅದರ ಕೆಳಗೆ ನಮ್ಮ ಗದ್ದೆ, ನಮ್ಮ ಕೊಟ್ಟಿಗೆ, ನಮ್ಮ ಮನೆ. ಮೇಲೆ ದೋಣಿಯಲ್ಲಿ ಕೂತವನಿಗೆ ಅದು ಕಾಣುವುದಿಲ್ಲ. ಕೆಳಗೆ ಮಲಗುವವನು ಅದನ್ನು ಮರೆಯಬಾರದು.

ಹಿಂದೆ ಕೆರೆಗೆ ಒಬ್ಬ ಒಡೆಯನಲ್ಲ, ಊರೆಲ್ಲ ಒಡೆಯರು. ಬೇಸಿಗೆಯಲ್ಲಿ ಮನೆಗೊಂದು ಆಳು ಬಂದು ಹೂಳೆತ್ತಿ, ಏರಿಗೆ ಮಣ್ಣು ಹೊರುತ್ತಿದ್ದರು. ತಮಿಳು ಸೀಮೆಯಲ್ಲಿ ಇದಕ್ಕೆ ಕುಡಿಮರಾಮತ್ತು ಎಂಬ ಹೆಸರೇ ಇದೆ. ನೀರಗಂಟಿ ದಿನವೂ ಏರಿಯ ಮೇಲೆ ನಡೆದು, ಎಲ್ಲಿ ಇಲಿ ಬಿಲ ತೋಡಿದೆ, ಎಲ್ಲಿ ಬುಡದಲ್ಲಿ ನೀರು ಜಿನುಗುತ್ತಿದೆ ಎಂದು ನೋಡಿ ಹೇಳುತ್ತಿದ್ದ. ಅವನಿಗೆ ಸುಗ್ಗಿಯಲ್ಲಿ ಕಾಳು ಸಿಗುತ್ತಿತ್ತು. ಅದಕ್ಕಾಗಿ ಅವನ ಕಣ್ಣು ಎಚ್ಚರವಾಗಿತ್ತು. ಕೊಳವೆ ಬಾವಿ ಬಂದ ಮೇಲೆ ತೂಬಿನ ನೀರು ಬೇಡವಾಯಿತು. ಅಚ್ಚುಕಟ್ಟಿನ ಜಮೀನು ಅಲ್ಲಲ್ಲಿ ಸೈಟುಗಳಾಯಿತು. ನೀರಗಂಟಿಯ ಮಕ್ಕಳು ಪಟ್ಟಣಕ್ಕೆ ಕೆಲಸಕ್ಕೆ ಹೋದರು. ಕೆರೆ ಉಳಿಯಿತು, ಅದನ್ನು ನೋಡುವ ಕಣ್ಣು ಹೋಯಿತು.

ಅಂಥ ಕೆರೆಗೆ ದೋಣಿ ಬಂದಾಗ ಇನ್ನೊಂದು ತೊಡಕು ಹುಟ್ಟುತ್ತದೆ. ಬೇಸಾಯಗಾರನಿಗೆ ಕೆರೆ ತುಂಬಬೇಕು, ಆಮೇಲೆ ಬಳಸಿ ಇಳಿಯಬೇಕು. ದೋಣಿಯವನಿಗೆ ನೀರು ವರ್ಷವಿಡೀ ದಂಡೆಯ ಮಟ್ಟಕ್ಕೆ ನಿಂತಿರಬೇಕು. ಇಳಿದರೆ ಕೆಸರು ಕಾಣುತ್ತದೆ, ಗಿರಾಕಿ ಬರುವುದಿಲ್ಲ. ಆದುದರಿಂದ ತೂಬು ಮುಚ್ಚುತ್ತಾರೆ. ಮುಚ್ಚಿದ್ದು ಕ್ರಮೇಣ ತುಕ್ಕು ಹಿಡಿದು ಎತ್ತಲು ಬಾರದಂತಾಗುತ್ತದೆ. ಕೋಡಿಗೆ ಮರಳಿನ ಚೀಲ ಅಡ್ಡ ಇಟ್ಟು ಇನ್ನೊಂದು ಅಡಿ ನೀರು ನಿಲ್ಲಿಸುತ್ತಾರೆ. ಮೀನು ಹೋಗದಂತೆ ಬಲೆ ಕಟ್ಟುತ್ತಾರೆ. ಆ ಬಲೆಗೆ ಜೊಂಡು, ಕಡ್ಡಿ, ಪ್ಲಾಸ್ಟಿಕ್ಕು ಸಿಕ್ಕಿಕೊಂಡರೆ ಕೋಡಿ ಇದ್ದೂ ಇಲ್ಲದಂತೆ. ಏರಿಯ ತಲೆಯನ್ನು ಸವರಿ ಹಾದಿ ಅಗಲ ಮಾಡುತ್ತಾರೆ. ದೀಪದ ಕಂಬಕ್ಕೆ ಗುಂಡಿ, ತಂತಿಗೆ ಕಾಲುವೆ ಎಂದು ಏರಿಯ ಮೈಯನ್ನೇ ಅಗೆಯುತ್ತಾರೆ. ನೆರಳಿಗೆಂದು ದೊಡ್ಡ ಮರವಾಗುವ ಸಸಿಗಳನ್ನು ನೆಡುತ್ತಾರೆ. ಇದರಲ್ಲಿ ಯಾವುದನ್ನೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ಆದರೆ ಪ್ರತಿಯೊಂದೂ ಮಣ್ಣಿನ ಕಟ್ಟೆಯ ಆಯುಸ್ಸನ್ನು ಕಡಿಮೆ ಮಾಡುವಂಥದು.

ಇದು ಬರಿಯ ಊಹೆಯಲ್ಲ. ಅಮೇರಿಕೆಯ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಸೌತ್ ಫೋರ್ಕ್ ಎಂಬಲ್ಲಿ ಕಾಲುವೆಗೆ ನೀರೊದಗಿಸಲು ಕಟ್ಟಿದ್ದ 72 ಅಡಿ ಎತ್ತರದ ಮಣ್ಣಿನ ಕಟ್ಟೆಯೊಂದಿತ್ತು. ಕಾಲುವೆಯ ಕಾಲ ಮುಗಿದು ಕಟ್ಟೆ ಹಾಳುಬಿದ್ದಿತು. ಬುಡದಲ್ಲಿ ನೀರು ಬಿಡಲು ಇದ್ದ ಕಬ್ಬಿಣದ ಕೊಳವೆಗಳನ್ನು ಒಬ್ಬ ಮಾಲೀಕ ಕಿತ್ತು ಗುಜರಿಗೆ ಮಾರಿದನು. 1879ರಲ್ಲಿ ಪಿಟ್ಸ್‌ಬರ್ಗಿನ ಶ್ರೀಮಂತರ ಮೀನು ಹಿಡಿಯುವ ಕ್ಲಬ್ಬಿನವರು ಅದನ್ನು ಕೊಂಡು, ತೇಪೆ ಹಾಕಿ, ವಿಹಾರದ ಸರೋವರ ಮಾಡಿದರು. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯೂ ಅದರ ಸದಸ್ಯನಾಗಿದ್ದನು. ಎರಡು ಸಾರೋಟು ಎದುರುಬದುರು ಹೋಗಲೆಂದು ಕಟ್ಟೆಯ ತಲೆಯನ್ನು ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿ ಹಾಕಿದರು. ಕಿತ್ತ ಕೊಳವೆಗಳನ್ನು ಮತ್ತೆ ಕೂಡಿಸಲಿಲ್ಲ. ಕೆಳಗಿನ ಜಾನ್ಸ್‌ಟೌನ್ ಪಟ್ಟಣದ ಕಬ್ಬಿಣದ ಕಾರ್ಖಾನೆಯವರು 1880ರಲ್ಲಿ ತಮ್ಮ ಇಂಜಿನಿಯರನನ್ನು ಕಳುಹಿಸಿ ನೋಡಿಸಿದರು. ನೀರು ಬಿಡುವ ದಾರಿಯಿಲ್ಲ, ಸೋರಿಕೆ ಇದೆ ಎಂದು ಅವನು ಬರೆದನು. ಭಯವೇನೂ ಇಲ್ಲವೆಂದು ಕ್ಲಬ್ಬಿನಿಂದ ಉತ್ತರ ಬಂತು.

1889ನೆಯ ಮೇ 31ರಂದು ಹಿಂದಿನ ರಾತ್ರಿಯಿಂದ ಸುರಿದ ಭಾರೀ ಮಳೆಗೆ ಸರೋವರ ತುಂಬಿ ಕಟ್ಟೆಯ ಮೇಲೆ ಹರಿಯಿತು. ಆ ಹೊತ್ತಿನಲ್ಲಿ ಜಾಲರಿಯ ಕಸ ತೆಗೆಯಲು, ಹೊಸ ಕಾಲುವೆ ತೋಡಲು ಕೆಲಸಗಾರರು ಪ್ರಯಾಸಪಟ್ಟರು. ಕಾಲ ಮೀರಿತ್ತು. ಮಧ್ಯಾಹ್ನ ಕಟ್ಟೆ ಒಡೆಯಿತು. ಸುಮಾರು ಒಂದು ಗಂಟೆಯಲ್ಲಿ ನೀರು 14 ಮೈಲು ಕೆಳಗಿನ ಪಟ್ಟಣವನ್ನು ಹೊಡೆಯಿತು. ಸತ್ತವರು 2,209 ಜನ. ತಂತಿಯ ಮೂಲಕ ಎಚ್ಚರಿಕೆ ಹೋಗಿತ್ತು. ಆದರೆ ಕಟ್ಟೆ ಒಡೆಯುತ್ತದೆಂಬ ಗುಲ್ಲನ್ನು ವರ್ಷ ವರ್ಷವೂ ಕೇಳಿದ್ದ ಜನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕ್ಲಬ್ಬಿನ ಯಾರೊಬ್ಬರನ್ನೂ ನ್ಯಾಯಾಲಯ ಹೊಣೆ ಮಾಡಲಿಲ್ಲ.

ನಮ್ಮ ಕೆರೆ ಅಷ್ಟು ದೊಡ್ಡದಲ್ಲ, ನಿಜ. ಆದರೆ ತಗ್ಗಿಸಿದ ತಲೆ, ಜಾಲರಿ ಕಟ್ಟಿದ ಕೋಡಿ, ಇಲ್ಲದ ತೂಬು, ಈ ಮೂರು ತಪ್ಪು ಸೇರಿದರೆ ದೊಡ್ಡದಕ್ಕೂ ಸಣ್ಣದಕ್ಕೂ ಒಂದೇ ಗತಿ. ಸಮೀಪದ ಉದಾಹರಣೆ ಬೇಕೆಂದರೆ ಸೊಲ್ಲಾಪುರ, ಜತ್ತದ ಓದುಗರಿಗೆ ತಿವರೆಯ ನೆನಪಿರಬೇಕು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಚಿಪ್ಳೂಣ ತಾಲೂಕಿನ ಆ ಸಣ್ಣ ಮಣ್ಣಿನ ಧರಣ 2019ನೆಯ ಜುಲೈ 2ರ ರಾತ್ರಿ ಒಡೆದು, ಕೆಳಗಿನ ವಾಡಿಯ ಮನೆಗಳನ್ನು ಕೊಚ್ಚಿ, ಇಪ್ಪತ್ತರಷ್ಟು ಜನರನ್ನು ಬಲಿ ತೆಗೆದುಕೊಂಡಿತು. ಸೋರುತ್ತಿದೆಯೆಂದು ಊರವರು ಮೊದಲೇ ದೂರಿದ್ದರು. ಏಡಿಗಳು ಕೊರೆದುದರಿಂದ ಒಡೆಯಿತೆಂದು ಆಗಿನ ಮಂತ್ರಿಯೊಬ್ಬರು ಹೇಳಿ ನಗೆಗೀಡಾದರು. ಏಡಿ ಬಿಲ ತೋಡುವುದು ಸುಳ್ಳಲ್ಲ. ಆದರೆ ಏಡಿ ಒಂದು ರಾತ್ರಿಯಲ್ಲಿ ಕಟ್ಟೆ ಕೊರೆಯುವುದಿಲ್ಲ. ಬಿಲವನ್ನು ನೋಡಿ ಮುಚ್ಚುವುದು ಮನುಷ್ಯನ ಕೆಲಸ.

ಇದಕ್ಕೆಲ್ಲ ಕಾನೂನಿಲ್ಲವೇ ಎಂದು ಕೇಳಬಹುದು. ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಕಟ್ಟೆಯನ್ನು ಪರೀಕ್ಷಿಸಬೇಕು, ಅಪಾಯ ಬಂದರೆ ಏನು ಮಾಡಬೇಕೆಂಬ ಯೋಜನೆ ಸಿದ್ಧವಿರಬೇಕು ಎಂದು ಅದು ವಿಧಿಸುತ್ತದೆ. ಆದರೆ ಅದು ಹಿಡಿಯುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳನ್ನು. 10ರಿಂದ 15 ಮೀಟರ್ ಎತ್ತರದವಾದರೆ 500 ಮೀಟರ್ ಉದ್ದ ಅಥವಾ 10 ಲಕ್ಷ ಘನಮೀಟರ್ ನೀರು ಮುಂತಾದ ಲಕ್ಷಣಗಳಲ್ಲಿ ಒಂದಾದರೂ ಇರಬೇಕು. ನಾವು ಮೇಲೆ ಲೆಕ್ಕ ಹಾಕಿದ ಇಪ್ಪತ್ತು ಎಕರೆಯ ಕೆರೆಯಲ್ಲಿರುವುದು ಒಂದೂವರೆ ಲಕ್ಷ ಘನಮೀಟರಿಗೂ ಕಡಿಮೆ ನೀರು; ಅದರ ಏರಿ ಹತ್ತು ಮೀಟರ್ ಎತ್ತರವಿರುವುದೂ ಅಪರೂಪ. ಎಂದರೆ ನಮ್ಮ ಊರಕೆರೆ ಈ ಕಾಯಿದೆಯ ಬಲೆಯೊಳಗಿನಿಂದ ಸಣ್ಣ ಮೀನಿನಂತೆ ಜಾರಿಹೋಗುತ್ತದೆ.

ಉಳಿದದ್ದು ರಾಜ್ಯದ ಇಲಾಖೆಗಳ ಹೊಣೆ. ಅದೂ ಹಂಚಿಹೋಗಿದೆ. ತಮಿಳುನಾಡಿನಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿ ಯೂನಿಯನ್ನಿನ ವಶ, ಮೇಲ್ಪಟ್ಟವು ಜಲಸಂಪನ್ಮೂಲ ಇಲಾಖೆಯ ವಶ. ಇದರ ಮೇಲೆ ಮೀನಿನ ಗುತ್ತಿಗೆ ಒಬ್ಬರಿಗೆ, ದೋಣಿಯ ಗುತ್ತಿಗೆ ಇನ್ನೊಬ್ಬರಿಗೆ, ಏರಿಯ ಮೇಲಿನ ರಸ್ತೆ ಮತ್ತೊಬ್ಬರಿಗೆ ಎಂದಾದರೆ, ಕೆರೆಯ ಆದಾಯಕ್ಕೆ ಹತ್ತು ಜನ, ಆಪತ್ತಿಗೆ ಒಬ್ಬನೂ ಇಲ್ಲ.

ಆರೂವರೆ ಶತಮಾನದ ಹಿಂದಿನ ಮಾತೊಂದನ್ನು ಇಲ್ಲಿ ನೆನೆಯಬೇಕು. ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ದೊಡ್ಡ ಕೆರೆಯೊಂದನ್ನು ಕಟ್ಟಿಸಿ 1369ರಲ್ಲಿ ಶಾಸನ ಹಾಕಿಸಿದನು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಅದರಲ್ಲಿ ಎಣಿಸಿದೆ. ಕಟ್ಟೆಯಿಂದ ನೀರು ಒಸರುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇನ್ನೊಂದು ದೋಷ! ಗಡಿಯ ಕೆರೆಯನ್ನು ಇಬ್ಬರೂ ತಮ್ಮದೆನ್ನುತ್ತಾರೆ, ಕೆಟ್ಟಾಗ ಇಬ್ಬರೂ ನಮ್ಮದಲ್ಲವೆನ್ನುತ್ತಾರೆ ಎಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಇನ್ನೂ ಒಂದು ಗಡಿ ಇದೆ, ಅದು ಮಾತಿನ ಗಡಿ. ಹೊಸೂರು, ತಾಳವಾಡಿಯ ಕನ್ನಡಿಗನು ಏರಿ ಬಿರುಕು ಬಿಟ್ಟಿದೆ ಎಂದರೆ ತಮಿಳು ಬಲ್ಲ ಅಧಿಕಾರಿಗೆ ಕೆರೆಯೇ ಬಿರುಕು ಬಿಟ್ಟಂತೆ ಕೇಳುತ್ತದೆ. ತಮಿಳಿನಲ್ಲಿ ಏರಿ ಎಂದರೆ ಕೆರೆ; ನಮ್ಮ ಏರಿಗೆ ಅವರು ಕರೈ ಎನ್ನುತ್ತಾರೆ, ತೂಬಿಗೆ ಮದಗು, ಕೋಡಿಗೆ ಕಲಿಂಗು. ಅದೋನಿ, ರಾಯದುರ್ಗ, ಮಡಕಶಿರದ ಕಡೆ ತೆಲುಗಿನಲ್ಲಿ ಏರಿಗೆ ಕಟ್ಟ, ತೂಬಿಗೆ ತೂಮು, ಕೋಡಿಗೆ ಅಲುಗು. ಅಕ್ಕಲಕೋಟೆ, ಜತ್ತದಲ್ಲಿ ನಮ್ಮವರು ಒಡ್ಡು ಎಂದರೂ ಕಚೇರಿಯ ಮರಾಠಿಯಲ್ಲಿ ಅದು ಬಾಂಧ, ಕೋಡಿಗೆ ಸಾಂಡವಾ. ಈ ನಾಲ್ಕಾರು ಶಬ್ದಗಳನ್ನು ಮನೆಮನೆಯ ಹುಡುಗರೂ ಕಲಿತಿರಲಿ. ಆಪತ್ತಿನ ರಾತ್ರಿ ಫೋನಿನಲ್ಲಿ ಹೇಳುವ ಮಾತು ಒಂದೇ ಸಲಕ್ಕೆ ತಿಳಿಯಬೇಕು.

ಇನ್ನು ನಾವೇ ಮಾಡಬಹುದಾದ ಪರೀಕ್ಷೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ನೀರಗಂಟಿಯ ಕಣ್ಣು ಸಾಕು.

ಒಂದು, ಏರಿಯ ತಲೆ. ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಗೆ ನೋಟ ಹಾಯಿಸಿರಿ. ನಡುವೆ ಎಲ್ಲಿಯಾದರೂ ಕುಸಿದಿದ್ದರೆ ನೀರು ಮೊದಲು ಹಾರುವುದು ಅಲ್ಲಿಯೇ. ಉದ್ದಕ್ಕೆ ಬಿರುಕು ಬಿಟ್ಟಿದ್ದರೆ ಮೈ ಜಾರುತ್ತಿರಬಹುದು. ಅಡ್ಡಕ್ಕೆ ಬಿಟ್ಟಿದ್ದರೆ ನೀರಿಗೆ ದಾರಿಯಾಗುತ್ತದೆ.

ಎರಡು, ಏರಿಯ ಹಿಂಬದಿಯ ಬುಡ. ಸುತ್ತೆಲ್ಲ ಒಣಗಿದ್ದು ಒಂದು ಕಡೆ ಮಾತ್ರ ಹಸುರು ಹುಲ್ಲು, ತೇವ ಕಂಡರೆ ಅಲ್ಲಿ ಒಸರು ಇದೆಯೆಂದು ತಿಳಿಯಿರಿ. ಆ ನೀರನ್ನು ಗಾಜಿನ ಸೀಸೆಯಲ್ಲಿ ಹಿಡಿದು ಇಡಿರಿ. ತಿಳಿಯಾಗಿದ್ದು, ಪ್ರಮಾಣವೂ ಹೆಚ್ಚದಿದ್ದರೆ ಕಾಯುತ್ತ ಇರಬಹುದು. ಕದಡಿದ್ದು, ತಳದಲ್ಲಿ ಮಣ್ಣು ಕೂತರೆ ನೀರು ಏರಿಯನ್ನು ಒಳಗೊಳಗೇ ತಿನ್ನುತ್ತಿದೆ ಎಂದರ್ಥ. ತಡಮಾಡದೆ ಇಂಜಿನಿಯರರಿಗೂ ಕೆಳಗಿನ ಮನೆಗಳಿಗೂ ತಿಳಿಸಿರಿ. ಒಸರುವ ಬಾಯಿಗೆ ಜೇಡಿ ಮೆತ್ತಬೇಡಿರಿ. ನೀರು ಇನ್ನೊಂದು ಕಡೆ ಬಾಯಿ ಮಾಡುತ್ತದೆ. ಶುದ್ಧ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಿದರೆ ನೀರು ಹೊರಬರುತ್ತದೆ, ಮಣ್ಣು ನಿಲ್ಲುತ್ತದೆ. ಇದು ಇಂಜಿನಿಯರು ಬರುವತನಕದ ಉಪಾಯ ಮಾತ್ರ.

ಮೂರು, ತೂಬು. ವರ್ಷಕ್ಕೆ ಎರಡು ಸಲವಾದರೂ ಎತ್ತಿ ಇಳಿಸಿ ನೋಡಬೇಕು. ಎತ್ತಲು ಬಾರದ ತೂಬು ಆಪತ್ತಿನಲ್ಲಿ ಕೈ ಕೊಡುತ್ತದೆ. ನೀರು ಇಳಿಸುವಾಗಲೂ ನಿಧಾನವಿರಲಿ. ಒಮ್ಮೆಲೇ ಇಳಿಸಿದರೆ ನೆನೆದ ಒಳಮೈ ಕುಸಿಯುವ ಭಯವಿದೆ. ಯಾರ ಮಾತು ಕೇಳಿಯೂ ಏರಿಯನ್ನು ನೀವಾಗಿ ಕಡಿಯಬೇಡಿರಿ; ಕೈಯಗಲದ ಕಂಡಿಯನ್ನು ನೀರು ಗಳಿಗೆಯಲ್ಲಿ ಬಾಗಿಲು ಮಾಡಿಬಿಡುತ್ತದೆ.

ನಾಲ್ಕು, ಕೋಡಿ. ಬಾಯಿಯಿಂದ ಹಿಡಿದು ಹಳ್ಳ ಸೇರುವವರೆಗೂ ನಡೆದು ನೋಡಿರಿ. ಚೀಲ, ಬಲೆ, ಅಂಗಡಿ, ಕಾಂಪೌಂಡು ಏನೇ ಅಡ್ಡವಿದ್ದರೂ ಮಳೆಗೆ ಮೊದಲು ತೆಗೆಯಬೇಕು. ಕೋಡಿ ಬಿದ್ದ ದಿನ ಗಂಗಮ್ಮನಿಗೆ ಬಾಗಿನ ಕೊಡುವ ನಾವು, ಅವಳು ಹೊರಡುವ ಬಾಗಿಲಿಗೆ ಅಗಳಿ ಹಾಕಬಾರದು.

ಐದು, ಬಿಲ ಮತ್ತು ಬೇರು. ಇಲಿ, ಏಡಿ, ಮುಳ್ಳುಹಂದಿಯ ಬಿಲಗಳನ್ನು ಬೇಸಿಗೆಯಲ್ಲಿ ಅಗೆದು ತೆರೆದು, ಪದರ ಪದರವಾಗಿ ಮಣ್ಣು ಹಾಕಿ ದಿಮ್ಮಿಸಿಯಿಂದ ಗುದ್ದಬೇಕು. ಏರಿಗೆ ಹುಲ್ಲಿನ ಹೊದಿಕೆಯೇ ಶ್ರೇಷ್ಠ. ಮರದ ಬೇರು ಸತ್ತು ಕೊಳೆತರೆ ಕೊಳವೆಯಾಗುತ್ತದೆ. ಗಾಳಿಗೆ ಮರ ಉರುಳಿದರೆ ಬುಡದೊಡನೆ ಏರಿಯ ಮಣ್ಣೂ ಹೋಗುತ್ತದೆ. ಸಸಿಗಳನ್ನು ಎಳೆಯದರಲ್ಲಿಯೇ ಕೀಳಿರಿ. ಬೆಳೆದ ಮರವನ್ನು ಇಂಜಿನಿಯರರನ್ನು ಕೇಳದೆ ಕಡಿದು ಬೇರು ಬಿಡಬೇಡಿರಿ.

ಕಂಡದ್ದನ್ನು ಬರೆದು ಕೊಡಿರಿ. ಬಾಯಿಮಾತು ಕಚೇರಿಯ ಗೋಡೆಗೆ ತಾಗಿ ಹಿಂದಿರುಗುತ್ತದೆ. ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುವುದಿಲ್ಲವೆಂದು ಅಂಜಬೇಕಾಗಿಲ್ಲ. ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬನಿಗೂ ಕೊಟ್ಟಿದೆ. ಏರಿಯನ್ನು ಕೊನೆಯ ಸಲ ಯಾರು, ಯಾವಾಗ ಪರೀಕ್ಷಿಸಿದರು ಎಂಬ ವರದಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯ ಮೇರೆಗೆ ಕೇಳಬಹುದು; 30 ದಿನಗಳಲ್ಲಿ ಉತ್ತರ ಬರಬೇಕು. ಈ ಅರ್ಜಿ ಮಾತ್ರ ಇಂಗ್ಲಿಷು, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಓದಿದ ಹುಡುಗ ಹುಡುಗಿಯರು ಇದೊಂದು ಉಪಕಾರ ಮಾಡಲಿ.

ಅಧಿಕಾರಿಗಳಲ್ಲಿಯೂ ಪಂಚಾಯತಿಗಳಲ್ಲಿಯೂ ನಮ್ಮ ಬೇಡಿಕೆ ಹೆಚ್ಚಿನದೇನೂ ಅಲ್ಲ. ದೊಡ್ಡ ಅಣೆಕಟ್ಟಿಗೆ ವಿಧಿಸಿದ ಎರಡು ಪರೀಕ್ಷೆಗಳನ್ನು ವಿಹಾರಕ್ಕೆ ತೆರೆದ ಪ್ರತಿಯೊಂದು ಸಣ್ಣ ಕೆರೆಗೂ ಮಾಡಿರಿ. ದೋಣಿಯ ಗುತ್ತಿಗೆಯ ಕರಾರಿನಲ್ಲಿ ಕೋಡಿ, ತೂಬುಗಳನ್ನು ಮುಟ್ಟಬಾರದೆಂದು ಸ್ಪಷ್ಟವಾಗಿ ಬರೆಯಿರಿ. ಗುತ್ತಿಗೆಯ ಹಣದಲ್ಲಿ ಒಂದು ಪಾಲನ್ನು ಏರಿಗೆಂದೇ ತೆಗೆದಿಟ್ಟು, ಅದರಿಂದ ಒಬ್ಬ ನೀರಗಂಟಿಯನ್ನು ಮತ್ತೆ ನೇಮಿಸಿರಿ. ಕೆರೆ ಯಾರ ಹೊಣೆಯೆಂಬುದನ್ನೂ ಅವರ ಫೋನ್ ನಂಬರನ್ನೂ ಏರಿಯ ಮೇಲೆ ಹಲಗೆ ಬರೆದು ನಿಲ್ಲಿಸಿರಿ. ಆ ಹಲಗೆಯಲ್ಲಿ ರಾಜ್ಯದ ಭಾಷೆಯ ಜೊತೆಗೆ ಕನ್ನಡವೂ ಇರಲಿ. ಇದನ್ನು ನಾವು ಭಾಷಾಭಿಮಾನದಿಂದ ಮಾತ್ರ ಕೇಳುತ್ತಿಲ್ಲ. ನೀರು ಬರುವಾಗ ಓಡಬೇಕಾದವರಲ್ಲಿ ಕನ್ನಡ ಮಾತ್ರ ಓದಬಲ್ಲ ಮುದುಕರೂ ಇದ್ದಾರೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ಹಳೆಯ ಚಾಳಿ. ಕೆರೆಯ ವಿಷಯದಲ್ಲಾದರೂ ಅದನ್ನು ಬಿಡೋಣ. ಮುಂದಿನ ಮಳೆಗೆ ಮೊದಲು ಪ್ರತಿ ಊರಿನಲ್ಲೂ ನಾಲ್ಕು ಜನ ಬೇಸಾಯಗಾರರು ಕೂಡಿ, ಒಂದು ಬೆಳಗ್ಗೆ ಕೈಯಲ್ಲಿ ಕುಡುಗೋಲು ಹಿಡಿದು ಏರಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಆಮೇಲೆ ಬೇಕಾದರೆ ಮಕ್ಕಳನ್ನು ಕರೆದುಕೊಂಡು ಹೋಗಿ ದೋಣಿ ಹತ್ತಿಸಿರಿ, ನಮಗೂ ಸಂತೋಷವೇ.